ಮಲ್ಲಯ್ಯನ ಹಾದಿ: ಶ್ರೀಶೈಲ ಪಾದಯಾತ್ರೆಯನ್ನು ಕುರಿತು ಒಂದು ವಿವೇಚನೆ

ಹೋಳಿಹುಣ್ಣಿಮೆ ಸಮೀಪಿಸಿತೆಂದರೆ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಊರೂರಿಗೂ ಒಂದು ಸಡಗರ ತಲೆದೋರುತ್ತದೆ. ಮಗ್ಗಗಳ ಸದ್ದು ಒಂದೆರಡು ಓಣಿಗಳಲ್ಲಿ ನಿಲ್ಲುತ್ತದೆ. ಕಬ್ಬಿನ ಹೊಲದ ನೀರಿನ ಸರದಿಯನ್ನು ನೆರೆಯವನಿಗೆ ಒಪ್ಪಿಸಿ ರೈತನು ಹೆಗಲಿಗೊಂದು ಗಂಟು ಹಾಕಿಕೊಳ್ಳುತ್ತಾನೆ. ಮನೆಯ ಹೆಣ್ಣುಮಕ್ಕಳು ಜೋಳದ ಖಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಕಟ್ಟಿಕೊಡುತ್ತಾರೆ. ಮಲ್ಲಯ್ಯನ ಕಂಬಿಯು ವಾದ್ಯಗಳೊಡನೆ ಅಗಸೆಯವರೆಗೆ ಬರುತ್ತದೆ. ಊರಿನವರು ಅಲ್ಲಿಯವರೆಗೆ ನಡೆದು, ಹೊರಟವರ ಪಾದಕ್ಕೆ ನೀರೆರೆದು ಬೀಳ್ಕೊಡುತ್ತಾರೆ. ಅವರು ಹೊರಟಿರುವುದು ನಾಲ್ಕು ನೂರು ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ, ನಲ್ಲಮಲ ಅಡವಿಯ ನಡುವೆ ಇರುವ ಶ್ರೀಶೈಲ ಪರ್ವತಕ್ಕೆ. ಯುಗಾದಿಯ ಹೊತ್ತಿಗೆ ಅಲ್ಲಿರಬೇಕೆಂಬುದು ಅವರ ಸಂಕಲ್ಪ.

ಈ ದೃಶ್ಯವನ್ನು ಬಾಲ್ಯದಿಂದಲೂ ನೋಡುತ್ತ ಬಂದ ನನಗೆ ಇದರ ವಿಷಯವಾಗಿ ಬರೆಯಬೇಕೆಂಬ ಪ್ರೇರಣೆ ಉಂಟಾದುದು ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ವಚನಗಳ ಪಾಠ ನಡೆಯುತ್ತಿತ್ತು. ಧನಿಕರು ಕಟ್ಟಿಸುವ ದೇವಾಲಯಕ್ಕಿಂತ ಬಡವನ ಶರೀರವೇ ಶಿವನಿಗೆ ಮೇಲಾದ ಮನೆಯೆಂದು ಬಸವಣ್ಣನವರು ಸಾರಿದ ತತ್ತ್ವವನ್ನು ನಾನು ವಿವರಿಸುತ್ತಿದ್ದೆನು. ಆಗ ಬನಹಟ್ಟಿಯ ಕಡೆಯ ಒಬ್ಬ ನೇಕಾರರ ಹುಡುಗನು ಎದ್ದು ನಿಂತು, "ಗುರುಗಳೇ, ಇಷ್ಟಲಿಂಗ ನಮ್ಮ ಎದೆಯ ಮೇಲೆಯೇ ಇದೆಯಲ್ಲವೇ? ಹಾಗಿದ್ದರೆ ನಮ್ಮಪ್ಪ ಪ್ರತಿವರ್ಷ ಕಾಲು ಬೊಬ್ಬೆ ಬರುವ ಹಾಗೆ ಶ್ರೀಶೈಲಕ್ಕೆ ಏಕೆ ನಡೆಯುತ್ತಾನೆ? ಅದು ತಪ್ಪೇ?" ಎಂದು ಕೇಳಿದನು. ತಪ್ಪೆಂದರೆ ಅವನ ತಂದೆಯ ಭಕ್ತಿಯನ್ನು ಹೀಗಳೆದಂತಾಗುವುದು. ಸರಿಯೆಂದರೆ ಆಗತಾನೇ ಹೇಳಿದ ಪಾಠವನ್ನೇ ನಾನು ಅಲ್ಲಗಳೆದಂತಾಗುವುದು. ಘಂಟೆ ಬಾರಿಸಿದುದರಿಂದ ನನ್ನ ಮಾನ ಉಳಿಯಿತು. ಆದರೆ ಪ್ರಶ್ನೆ ಉಳಿದುಬಿಟ್ಟಿತು. ಗ್ರಂಥಗಳನ್ನು ತಿರುವಿ ನೋಡಿದೆನು. ಮಾರನೆಯ ವರ್ಷ ನಾನೂ ಆ ಹಾದಿಯಲ್ಲಿ ನಡೆದು ನೋಡಿದೆನು. ಆ ಎರಡರಿಂದಲೂ ತಿಳಿದುಬಂದುದನ್ನು ಪ್ರಾಜ್ಞರಾದ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಪರ್ವತದ ಪ್ರಾಚೀನತೆ

ಶ್ರೀಶೈಲವು ಇಂದಿನ ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಗೆ ಸೇರಿದೆ. 2022ರಲ್ಲಿ ಹೊಸ ಜಿಲ್ಲೆಗಳು ರಚನೆಯಾಗುವವರೆಗೆ ಅದು ಕರ್ನೂಲು ಜಿಲ್ಲೆಯಲ್ಲಿತ್ತು. ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನನೂ, ಅಷ್ಟಾದಶ ಶಕ್ತಿಪೀಠಗಳಲ್ಲಿ ಒಂದಾದ ಭ್ರಮರಾಂಬೆಯೂ ಒಂದೇ ಪ್ರಾಕಾರದೊಳಗೆ ನೆಲೆಸಿರುವುದು ಈ ಕ್ಷೇತ್ರದ ವೈಶಿಷ್ಟ್ಯ.

ಗಮನಿಸಬೇಕಾದ ಸಂಗತಿಯೆಂದರೆ, ಪ್ರಾಚೀನ ಶಾಸನಗಳಲ್ಲಿ ಮೊದಲು ಕಾಣಸಿಗುವುದು ಗುಡಿಯಲ್ಲ, ಪರ್ವತ. ನಾಸಿಕದ ಗುಹೆಯಲ್ಲಿರುವ ಸಾತವಾಹನರ ಪ್ರಾಕೃತ ಶಾಸನವು ಗೌತಮೀಪುತ್ರ ಶಾತಕರ್ಣಿಯ ಒಡೆತನದ ಪರ್ವತಗಳನ್ನು ಎಣಿಸುವಾಗ 'ಸಿರಿಟನ' ಎಂಬ ಹೆಸರನ್ನು ಹೇಳುತ್ತದೆ. ಇದನ್ನು ವಿದ್ವಾಂಸರು ಶ್ರೀಶೈಲವೆಂದು ಗುರುತಿಸಿದ್ದಾರೆ. ವಿಷ್ಣುಕುಂಡಿ ಅರಸರು ತಮ್ಮನ್ನು ಶ್ರೀಪರ್ವತಸ್ವಾಮಿಯ ಪಾದಸೇವಕರೆಂದು ಕರೆದುಕೊಂಡರು. ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ ಸಾಕ್ಷ್ಯವೊಂದಿದೆ. ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭಶಾಸನದಲ್ಲಿ, ಕಾಂಚಿಯಲ್ಲಿ ಅವಮಾನಿತನಾದ ಮಯೂರಶರ್ಮನು ಶಾಸ್ತ್ರವನ್ನು ಬದಿಗಿಟ್ಟು ಶಸ್ತ್ರವನ್ನು ಹಿಡಿದು, ಶ್ರೀಪರ್ವತದ ದ್ವಾರದವರೆಗೆ ಹಬ್ಬಿದ್ದ ದುರ್ಗಮವಾದ ಅಡವಿಯಲ್ಲಿ ನೆಲೆನಿಂತು ಪಲ್ಲವರನ್ನು ಕಾಡಿದನೆಂದು ಹೇಳಿದೆ. ಕನ್ನಡ ನಾಡಿನ ಮೊದಲ ಅರಸುಮನೆತನವು ಆ ಕಾಡಿನ ಆಶ್ರಯದಲ್ಲಿ ಮೊಳೆಯಿತೆಂದರೆ ಉತ್ಪ್ರೇಕ್ಷೆಯಾಗಲಾರದು. ಅದೇ ಶಿಕಾರಿಪುರ ತಾಲೂಕಿನ ಉಡುತಡಿಯಿಂದ, ಶತಮಾನಗಳ ತರುವಾಯ, ಅಕ್ಕಮಹಾದೇವಿಯು ಅದೇ ಪರ್ವತವನ್ನು ಅರಸಿಕೊಂಡು ಹೋದುದು ಸೋಜಿಗವೇ ಸರಿ.

ನಮ್ಮ ನದಿಯೇ ಪಾತಾಳಗಂಗೆ

ಎರಡು ರಾಜ್ಯಗಳ ಗಡಿಗಳನ್ನು ನೋಡಿದರೆ ಶ್ರೀಶೈಲವು ಪರನಾಡಿನಲ್ಲಿದೆ. ನದಿಯನ್ನು ನೋಡಿದರೆ ಹಾಗಲ್ಲ. ಜಮಖಂಡಿ ಮತ್ತು ರಬಕವಿಗಳ ಬಡಗಣ ಅಂಚಿನಲ್ಲಿ ಹರಿಯುವುದು ಕೃಷ್ಣೆ. ಮುಧೋಳವು ಘಟಪ್ರಭೆಯ ದಡದಲ್ಲಿದೆ. ಇವೆರಡೂ ಬೀಳಗಿ ಸೀಮೆಯ ಚಿಕ್ಕಸಂಗಮದಲ್ಲಿ ಕೂಡುತ್ತವೆ. ಅಲ್ಲಿಂದ ಮುಂದೆ ಕೂಡಲಸಂಗಮದಲ್ಲಿ ಮಲಪ್ರಭೆಯನ್ನೂ, ರಾಯಚೂರಿನ ಬಡಗಣ ದಿಕ್ಕಿನಲ್ಲಿ ಭೀಮೆಯನ್ನೂ, ಆಂಧ್ರದ ಸಂಗಮೇಶ್ವರದ ಬಳಿ ತುಂಗಭದ್ರೆಯನ್ನೂ ಕೂಡಿಕೊಂಡ ಕೃಷ್ಣೆಯು ನಲ್ಲಮಲ ಬೆಟ್ಟಗಳನ್ನು ಸೀಳಿಕೊಂಡು ಆಳವಾದ ಕಣಿವೆಯಲ್ಲಿ ಹರಿಯುತ್ತಾಳೆ. ಅಲ್ಲಿ ಅವಳ ಹೆಸರು ಪಾತಾಳಗಂಗೆ. ಶ್ರೀಶೈಲದ ಯಾತ್ರಿಕನು ಅಲ್ಲಿ ಮುಳುಗು ಹಾಕುವಾಗ ತನ್ನ ಊರಿನ ನೀರಿನಲ್ಲಿಯೇ ಮುಳುಗುತ್ತಾನೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರನ್ನು ಕಳೆದುಕೊಂಡ ಬೀಳಗಿ ಸೀಮೆಯ ಒಬ್ಬ ವೃದ್ಧರು ಅಲ್ಲಿ ಬೊಗಸೆಯಲ್ಲಿ ನೀರನ್ನೆತ್ತಿ, "ನಮ್ಮ ಊರನ್ನು ಮುಟ್ಟಿ ಬಂದಾಳ" ಎಂದುದನ್ನು ನಾನು ಕೇಳಿದೆನು. ಅದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಹಾದಿಯ ಕ್ರಮ

ಹೋಳಿಹುಣ್ಣಿಮೆಯಿಂದ ಯುಗಾದಿಗೆ ಹದಿನೈದು ದಿನ. ದಿನಕ್ಕೆ ಮೂವತ್ತು ಕಿಲೋಮೀಟರಿನಷ್ಟು ನಡೆದರೆ ಅಷ್ಟರಲ್ಲಿ ತಲುಪಬಹುದು. ದಾರಿಯು ಬಾಗಲಕೋಟೆ, ಇಳಕಲ್ಲು, ಲಿಂಗಸೂಗೂರು, ರಾಯಚೂರುಗಳ ಮೇಲೆ ಹಾದು, ತುಂಗಭದ್ರೆಯನ್ನು ದಾಟಿ, ಕರ್ನೂಲು ಆತ್ಮಕೂರುಗಳಿಂದ ಅಡವಿಯನ್ನು ಹೊಗುತ್ತದೆ. ಫಾಲ್ಗುಣದ ಬಿಸಿಲು ಬಯಲುಸೀಮೆಯಲ್ಲಿ ಎಷ್ಟು ಕಠೋರವೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಆದುದರಿಂದ ಬೆಳಗಿನ ಮೂರು ಗಂಟೆಗೆ ಎದ್ದು ನಡೆಯಲಾರಂಭಿಸಿ, ಬಿಸಿಲೇರಿದ ಮೇಲೆ ಮರದಡಿ ವಿಶ್ರಮಿಸಿ, ಸಂಜೆ ಮತ್ತೆ ನಡೆಯುವುದು ರೂಢಿ. ಕೃಷ್ಣಪಕ್ಷದ ಚಂದ್ರನು ಬೆಳಗಿನ ಜಾವದಲ್ಲಿ ಆಕಾಶದಲ್ಲಿರುವುದರಿಂದ ಮೊದಲ ವಾರ ಬೆಳದಿಂಗಳಿನ ಕೊರತೆಯಿಲ್ಲ. ಚಂದ್ರನು ಸಣ್ಣವನಾಗುತ್ತ ಹೋದಂತೆ ಪರ್ವತವು ಹತ್ತಿರವಾಗುತ್ತದೆ. ಅಮಾವಾಸ್ಯೆಯ ಕತ್ತಲೆಯ ಹೊತ್ತಿಗೆ ಯಾತ್ರಿಕರು ಬೆಟ್ಟದ ಮೇಲಿರುತ್ತಾರೆ. ಪಂಚಾಂಗವನ್ನು ಓದಲು ಬಾರದವನೂ ಈ ಲೆಕ್ಕವನ್ನು ಬಲ್ಲನು.

ಕಂಬಿಯನ್ನು ಕುರಿತು ಒಂದು ಮಾತು. ಎರಡೂ ತುದಿಗಳಲ್ಲಿ ಹೊರೆಯನ್ನು ತೂಗಹಾಕಿ ಹೆಗಲ ಮೇಲೆ ಹೊರುವ ಬಿದಿರಿನ ದಬ್ಬೆಗೆ ಕಂಬಿಯೆಂದು ಹಳೆಯ ಹೆಸರು. ಹೊರೆ ಹೊರುವ ಆ ಸಾಮಾನ್ಯ ಸಾಧನವೇ ಇಲ್ಲಿ ಅಲಂಕೃತವಾಗಿ ದೇವರ ಸ್ಥಾನವನ್ನು ಪಡೆದಿದೆ. ಕಂಬಿಯು ಸಾಗುವಾಗ ಮನೆಮನೆಯವರು ಬಂದು ನಮಸ್ಕರಿಸುತ್ತಾರೆ. ಅರ್ಥಾತ್, ಮಲ್ಲಯ್ಯನು ಬೆಟ್ಟದಲ್ಲಿ ಕುಳಿತು ಕಾಯುವವನು ಮಾತ್ರವಲ್ಲ, ಭಕ್ತನ ಹೆಗಲೇರಿ ಅವನೊಡನೆ ನಡೆಯುವವನೂ ಆಗಿದ್ದಾನೆ. ಕೆಲವು ತರುಣರು ಎತ್ತರದ ಮರಗಾಲುಗಳನ್ನು ಕಟ್ಟಿಕೊಂಡು ಅಷ್ಟು ದೂರವನ್ನೂ ಕ್ರಮಿಸುವುದುಂಟು. ಅದನ್ನು ನೋಡಿ ಮೊದಲು ನನಗೆ ಅದೊಂದು ಪ್ರದರ್ಶನವೆನಿಸಿತು. ಆದರೆ ರಾತ್ರಿ ಮರಗಾಲುಗಳನ್ನು ಬಿಚ್ಚಿದ ಒಬ್ಬ ತರುಣನ ಮೊಣಕಾಲುಗಳನ್ನು ಕಂಡ ಮೇಲೆ ಆ ಮಾತನ್ನು ನಾನು ಹಿಂತೆಗೆದುಕೊಂಡೆನು.

ಹಾದಿಯುದ್ದಕ್ಕೂ ನಡೆಯುವ ದಾಸೋಹವು ಈ ಯಾತ್ರೆಯ ಜೀವಾಳ. ಊರೂರುಗಳಲ್ಲಿ ಚಪ್ಪರ ಹಾಕಿ ನೀರು, ಮಜ್ಜಿಗೆ, ಅಂಬಲಿ, ಅನ್ನಗಳನ್ನು ನೀಡುತ್ತಾರೆ. ಕಾಲಿಗೆ ಬಿಸಿನೀರು ಹಾಕುವವರು, ಎಣ್ಣೆ ತಿಕ್ಕುವವರು, ಬೊಬ್ಬೆಗೆ ಔಷಧ ಕಟ್ಟುವವರು ರಾತ್ರಿಯೆಲ್ಲ ಎಚ್ಚರವಿರುತ್ತಾರೆ. ಯಾವ ಊರು, ಯಾವ ಕುಲ ಎಂದು ಕೇಳುವವರಿಲ್ಲ, ನಡೆಯುವವರೆಲ್ಲರೂ ಮಲ್ಲಯ್ಯನವರು. ಅಡವಿಯೊಳಗೂ ನಮ್ಮ ಕಡೆಯ ಭಕ್ತಮಂಡಳಿಗಳು ದವಸಧಾನ್ಯಗಳನ್ನು ಸಾಗಿಸಿಕೊಂಡು ಹೋಗಿ ಅಡಿಗೆಯ ಒಲೆ ಹೂಡುವುದುಂಟು.

ಇಲ್ಲಿ ನನ್ನ ಅನುಭವವೊಂದನ್ನು ಹೇಳಿದರೆ ಅಪ್ರಸ್ತುತವಾಗದು. ರಾಯಚೂರು ಸೀಮೆಯ ಒಂದು ಹಳ್ಳಿಯನ್ನು ತಲುಪುವ ಹೊತ್ತಿಗೆ ನನ್ನ ಎಡಗಾಲಿನ ಬೊಬ್ಬೆ ಒಡೆದು, ಹೆಜ್ಜೆ ಇಡಲಾಗದ ಸ್ಥಿತಿ ಒದಗಿತ್ತು. ಚಪ್ಪರದ ಕೆಳಗೆ ಕುಳಿತಿದ್ದಾಗ ಒಬ್ಬ ಮುದುಕಿ ಬಂದು, ಒಂದು ಮಾತನ್ನೂ ಆಡದೆ ನನ್ನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ನಾನು ಸಂಕೋಚದಿಂದ ಹಿಂತೆಗೆದೆನು. ಮೂವತ್ತು ವರ್ಷ ಉಪಾಧ್ಯಾಯನಾಗಿ ಇತರರಿಂದ ನಮಸ್ಕಾರ ಮಾಡಿಸಿಕೊಂಡು ರೂಢಿಯಾದವನಿಗೆ ಆ ಹೊತ್ತು ಆದ ನಾಚಿಕೆ ವಿಚಿತ್ರವಾದುದು. "ಇದು ನಿನ್ನ ಕಾಲಲ್ಲಪ್ಪ, ಹಿಡಿ" ಎಂದು ಅವಳು ಗದರಿ ಮತ್ತೆ ಎಳೆದುಕೊಂಡು ಎಣ್ಣೆ ಸವರಿದಳು. ಅನಂತರ ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಅವಳ ಹೆಸರನ್ನು ನಾನು ಕೇಳಲಿಲ್ಲ, ಅವಳೂ ನನ್ನ ಹೆಸರನ್ನು ಕೇಳಲಿಲ್ಲ. ಆ ಮಾತಿನ ಅರ್ಥವು ನನಗೆ ಹೊಳೆದುದು ಹಿಂದಿರುಗಿದ ಮೇಲೆ.

ಆತ್ಮಕೂರಿನಿಂದ ಮುಂದೆ ಹಳೆಯ ಕಾಲುದಾರಿಯು ಅಡವಿಯನ್ನು ಪ್ರವೇಶಿಸುತ್ತದೆ. ಮೋಟಾರು ವಾಹನಗಳು ದೋರ್ನಾಲದ ಮೇಲೆ ಬಹುದೂರ ಸುತ್ತಿ ಬಂದರೆ, ಪಾದಚಾರಿಗಳು ನಾಗಲೂಟಿಯ ವೀರಭದ್ರನ ಗುಡಿ, ಪೆದ್ದಚೆರುವು, ಭೀಮನಕೊಳ್ಳಗಳ ಮೂಲಕ ನೇರವಾಗಿ ಏರುತ್ತಾರೆ. ಈ ಬೆಟ್ಟದಲ್ಲಿ ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿಸಿದವನು 14ನೆಯ ಶತಮಾನದ ರೆಡ್ಡಿ ಅರಸನಾದ ಪ್ರೋಲಯ ವೇಮನು. ಭೀಮನಕೊಳ್ಳದ ಕಡಿದಾದ ಏರನ್ನು ಹತ್ತಿದವನಿಗೆ ಕೈಲಾಸದ್ವಾರವು ಎದುರಾಗುತ್ತದೆ. ಆ ಹೆಸರಿನ ಔಚಿತ್ಯವನ್ನು ಮೊಣಕಾಲುಗಳೇ ಹೇಳುತ್ತವೆ.

ಆ ಏರಿನಲ್ಲಿ ತೆಲುಗು ಯಾತ್ರಿಕರು 'ಚೇದುಕೋ ಮಲ್ಲನ್ನಾ' ಎಂದು ಕೂಗುತ್ತಾರೆ. ನಮ್ಮವರೂ ಅದನ್ನೇ ಕೂಗುತ್ತಾರೆ. ಭಾಷಾಭ್ಯಾಸಿಗಳಿಗೆ ಇದು ಆಸಕ್ತಿಯ ಪದ. ತೆಲುಗಿನ 'ಚೇದು' ಎಂಬ ಧಾತುವೂ ನಮ್ಮ 'ಸೇದು' ಎಂಬ ಧಾತುವೂ ಸೋದರ ಪದಗಳು. ಭಾವಿಯಿಂದ ಹಗ್ಗ ಹಾಕಿ ನೀರನ್ನು ಮೇಲೆಳೆಯುವುದೇ ಎರಡರ ಅರ್ಥ. "ನಮ್ಮನ್ನು ಸೇದಿಕೋ ಮಲ್ಲಯ್ಯ" ಎಂಬುದು ಆ ಕೂಗಿನ ತಾತ್ಪರ್ಯ. ಭಾವಿಯೊಳಗಿನ ಕೊಡವು ತಾನಾಗಿ ಮೇಲೇರಲಾರದು, ಹಗ್ಗವನ್ನು ಹಿಡಿದವನು ಸೇದಬೇಕು. ಬಾಯಾರಿದ ಜನರು ಕಡಿದಾದ ಬೆಟ್ಟದಲ್ಲಿ ಕಂಡುಕೊಂಡ ಈ ಉಪಮೆಯನ್ನು ಯಾವ ಅಲಂಕಾರಶಾಸ್ತ್ರಜ್ಞನೂ ಕಲಿಸಿಕೊಟ್ಟುದಲ್ಲ.

ಸನ್ನಿಧಿಯಲ್ಲಿ

ಬೆಟ್ಟದ ಮೇಲಿನ ದೇವಾಲಯವು ಕೋಟೆಯಂತಹ ಎತ್ತರದ ಪ್ರಾಕಾರದಿಂದ ಸುತ್ತುವರಿದಿದೆ. ಅದರ ಹೊರಮೈಯ ಕಲ್ಲುಗಳ ಮೇಲೆ ಆನೆ ಕುದುರೆಗಳ ಸಾಲು, ಬೇಟೆಯ ದೃಶ್ಯ, ತಪಸ್ವಿಗಳು, ಶಿವನ ಲೀಲೆಗಳು ಸಾಲುಸಾಲಾಗಿ ಕೆತ್ತಲ್ಪಟ್ಟಿವೆ. ಅಕ್ಷರವನ್ನು ಅರಿಯದವನಿಗೂ ಓದಲು ಬರುವ ಗ್ರಂಥವದು. ವಿಜಯನಗರದ ಇಮ್ಮಡಿ ಹರಿಹರನು ಮುಖಮಂಟಪವನ್ನು ಕಟ್ಟಿಸಿದನು. ಅವನ ರಾಣಿ ವಿಠ್ಠಲಾಂಬೆಯು 1393ರಲ್ಲಿ ಪಾತಾಳಗಂಗೆಗೆ ಇಳಿಯುವ ಸೋಪಾನಗಳನ್ನು ಮಾಡಿಸಿದಳು. ಕೃಷ್ಣದೇವರಾಯನು ಬಂದು ಸೇವೆ ಸಲ್ಲಿಸಿದನು. 1677ರಲ್ಲಿ ಶಿವಾಜಿ ಮಹಾರಾಜರು ಬಂದರು. ಉತ್ತರದ ಗೋಪುರವು ಅವರ ಹೆಸರಿನೊಡನೆ ಹೊಂದಿಕೊಂಡಿದೆ. ಆದರೆ ಇವರೆಲ್ಲರಿಗಿಂತ ಮುಂಚಿನ ಒಡೆತನ ಆ ಕಾಡಿನ ಚೆಂಚು ಜನರದು. ಮಲ್ಲಯ್ಯನು ತಮ್ಮ ಕುಲದ ಕನ್ಯೆಯನ್ನು ವರಿಸಿದ ಅಳಿಯನೆಂದು ಅವರು ಭಾವಿಸುತ್ತಾರೆ. 'ಚೆಂಚು ಮಲ್ಲಯ್ಯ' ಎಂದೇ ಕರೆಯುತ್ತಾರೆ.

ನಮ್ಮವರದು ಇನ್ನೊಂದು ನಂಟು. ಭ್ರಮರಾಂಬೆಯು ಕನ್ನಡ ನಾಡಿನ ಮಗಳು, ಮಲ್ಲಯ್ಯನು ನಮ್ಮ ಅಳಿಯನೆಂದು ಅವರ ನಂಬಿಕೆ. ಆದುದರಿಂದ ಯುಗಾದಿಗೆ ತವರಿನವರು ಮಗಳ ಮನೆಗೆ ಹೋಗುವಂತೆ ಸೀರೆ, ಕುಪ್ಪಸ, ಅರಿಸಿನ ಕುಂಕುಮಗಳನ್ನು ಕೊಂಡೊಯ್ಯುತ್ತಾರೆ. ನನ್ನೊಡನೆ ನಡೆದ ಒಬ್ಬ ನೇಕಾರನ ಗಂಟಿನಲ್ಲಿ ತನ್ನ ಮಗ್ಗದಲ್ಲಿಯೇ ನೇಯ್ದ ಒಂದು ಸೀರೆಯಿದ್ದಿತು. ಹದಿನೈದು ದಿನವೂ ಅದನ್ನು ತಲೆದಿಂಬಾಗಿ ಸಹ ಬಳಸದೆ ಅವನು ಹೊತ್ತುಕೊಂಡು ಬಂದನು. ನೇಕಾರರಿಗೆ ಪ್ರಿಯವಾಗುವ ಇನ್ನೊಂದು ಪದ್ಧತಿಯೂ ಅಲ್ಲಿದೆ. ಶಿವರಾತ್ರಿಯ ನಡುವಿರುಳಿನಲ್ಲಿ ದೀಪಗಳನ್ನೆಲ್ಲ ಆರಿಸಿ, ಗರ್ಭಗುಡಿಯ ಶಿಖರದಿಂದ ಮುಖಮಂಟಪದ ನಂದಿಗಳವರೆಗೆ ಉದ್ದನೆಯ ಪಾಗನ್ನು ಸುತ್ತುತ್ತಾರೆ. ಆಂಧ್ರದ ಚೀರಾಲದ ದೇವಾಂಗ ನೇಕಾರರು ದಿನಕ್ಕೊಂದು ಮೊಳದಂತೆ ವರ್ಷವಿಡೀ ನೇಯ್ದ ವಸ್ತ್ರವದು. ದೇವರ ಮದುವೆಗೆ ಮುಂಡಾಸವನ್ನು ಕಟ್ಟುವ ಅಧಿಕಾರ ಅಲ್ಲಿ ಮಗ್ಗದವನ ಕೈಯಲ್ಲಿದೆ.

ಕುಲಭೇದವಿಲ್ಲದೆ ಭಕ್ತರು ಲಿಂಗವನ್ನು ತಾವೇ ಮುಟ್ಟಿ ನಮಸ್ಕರಿಸುವ ಸಂಪ್ರದಾಯ ಶ್ರೀಶೈಲದಲ್ಲಿ ಹಿಂದಿನಿಂದ ನಡೆದುಬಂದಿದೆ. ಆದರೆ ಲಕ್ಷಾಂತರ ಜನ ನೆರೆಯುವ ಯುಗಾದಿಯ ದಿನಗಳಲ್ಲಿ ಅದು ಎಲ್ಲರಿಗೂ ದೊರೆಯುವಂತಿಲ್ಲ. ಸರದಿಯಲ್ಲಿ ಹಲವು ತಾಸು ನಿಂತ ನನಗೆ ದೊರೆತುದು ಎರಡು ಕ್ಷಣದ ದೂರದರ್ಶನ. ಹಿಂದಿನವರ ನೂಕಿಗೆ ಅದೂ ಅರ್ಧವಾಯಿತು. ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತಾಗ, ಇಷ್ಟು ದೂರ ನಡೆದುದು ಇಷ್ಟಕ್ಕೇ ಏನು ಎಂಬ ನಿರಾಶೆ ಮನಸ್ಸನ್ನು ಕವಿಯಿತು. ಆಗ ನೆನಪಾದುದು ರಾಘವಾಂಕನ ಕಾವ್ಯದ ಬಾಲಕ ಸಿದ್ಧರಾಮ.

ಶರಣರು ಮತ್ತು ಶ್ರೀಶೈಲ

ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನ ಕಥೆಯನ್ನು ರಾಘವಾಂಕನು 'ಸಿದ್ಧರಾಮ ಚಾರಿತ್ರ'ದಲ್ಲಿ ಹೇಳಿದ್ದಾನೆ. ದನ ಕಾಯುತ್ತಿದ್ದ ಮುಗ್ಧ ಬಾಲಕನ ಬಳಿಗೆ ಒಬ್ಬ ಜಂಗಮನು ಬಂದು ತನ್ನ ಹೆಸರು ಮಲ್ಲಯ್ಯನೆಂದೂ ತನಗೆ ಹಸಿವೆಯೆಂದೂ ಹೇಳುತ್ತಾನೆ. ಬಾಲಕನು ಮಜ್ಜಿಗೆಯನ್ನವನ್ನು ತರಲು ಮನೆಗೆ ಓಡುತ್ತಾನೆ. ಹಿಂದಿರುಗುವಷ್ಟರಲ್ಲಿ ಜಂಗಮನಿಲ್ಲ. ಮಲ್ಲಯ್ಯನನ್ನು ಕೂಗುತ್ತ ಅಳುತ್ತ ಅಲೆಯುವ ಅವನನ್ನು ಶ್ರೀಶೈಲಕ್ಕೆ ಹೊರಟ ಯಾತ್ರಿಕರು ತಮ್ಮೊಡನೆ ಕರೆದೊಯ್ದು, ಗುಡಿಯೊಳಗಿನ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆನ್ನುತ್ತಾರೆ. ಬಾಲಕನು ಒಪ್ಪುವುದಿಲ್ಲ. ತನ್ನೊಡನೆ ಮಾತನಾಡಿದ, ತನ್ನಲ್ಲಿ ಅನ್ನವನ್ನು ಬೇಡಿದ ಮಲ್ಲಯ್ಯನು ಇವನಲ್ಲವೆಂದು ಹೊರಟು, ಬೆಟ್ಟವನ್ನೆಲ್ಲ ಅರಸಿ, ಕೊನೆಗೆ ರುದ್ರಕೊಳ್ಳದ ಪ್ರಪಾತದಿಂದ ಧುಮುಕಲು ಸಿದ್ಧನಾದಾಗ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಕೈಹಿಡಿಯುತ್ತಾನೆ.

ನಮ್ಮ ವಿದ್ಯಾರ್ಥಿಯ ಪ್ರಶ್ನೆ ಎಂಟು ನೂರು ವರ್ಷಗಳ ಹಿಂದೆಯೇ ಕಾವ್ಯದಲ್ಲಿ ಮೂಡಿದೆಯೆಂಬುದನ್ನು ಓದುಗರು ಗಮನಿಸಬೇಕು. ಸಿದ್ಧರಾಮನು ಪರ್ವತಕ್ಕೆ ಹೋದನು. ಆದರೆ ಗುಡಿಯಲ್ಲಿ ತೃಪ್ತನಾಗಲಿಲ್ಲ. ಅವನು ಅರಸಿದುದು ಹಸಿದು ಬಂದ ಜಂಗಮನನ್ನು. ಸಂಸ್ಕೃತ ವ್ಯಾಕರಣದ ಪ್ರಕಾರ 'ಸ್ಥಾವರ'ವು ನಿಲ್ಲು ಎಂಬರ್ಥದ 'ಸ್ಥಾ' ಧಾತುವಿನಿಂದ ಬಂದಿದೆ. 'ಜಂಗಮ'ವು ಹೋಗು ಎಂಬರ್ಥದ 'ಗಮ್' ಧಾತುವಿನ ದ್ವಿರುಕ್ತ ರೂಪದಿಂದ ಬಂದುದು. ಮತ್ತೆ ಮತ್ತೆ ಚಲಿಸುವುದು ಎಂದು ಅದರ ಅರ್ಥ. ಗುಡಿಯು ನಿಂತಿದೆ, ನಡೆಯುವವನು ಚಲಿಸುತ್ತಾನೆ. ಹದಿನೈದು ದಿನ ತನ್ನ ಮನೆ, ಮಗ್ಗ, ಮಾನಗಳನ್ನು ಬಿಟ್ಟು, ಪರರ ಊರಿನಲ್ಲಿ ನೀರು ಕೇಳಿ ಕುಡಿಯುವ ನೇಕಾರನು ಅಷ್ಟು ದಿನದ ಮಟ್ಟಿಗೆ ಜಂಗಮನೇ ಆಗುತ್ತಾನೆ. ಅವನ ಕಾಲನ್ನು ತೊಳೆಯುವವರಿಗೆ ಅದು ಅವನ ಕಾಲಲ್ಲ. ರಾಯಚೂರಿನ ಸೀಮೆಯ ಆ ಮುದುಕಿ ಗದರಿದುದು ಇದನ್ನೇ. ಸಿದ್ಧರಾಮನು ತರಲು ಓಡಿದ ಮಜ್ಜಿಗೆಯನ್ನೇ ಅವಳು ನನ್ನ ಕೈಗೆ ಕೊಟ್ಟಿದ್ದಳು. ಅದನ್ನು ಬಾಯಾರಿಕೆಗಾಗಿ ಕುಡಿದೆನೇ ಹೊರತು ಯಾರು ಯಾರಿಗೆ ಕೊಡುತ್ತಿರುವರೆಂಬುದು ಪಂಡಿತನೆನಿಸಿಕೊಂಡ ನನಗೆ ತಿಳಿಯಲಿಲ್ಲ.

ಅಕ್ಕಮಹಾದೇವಿಯ ಯಾತ್ರೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಕಲ್ಯಾಣದ ಅನುಭವಗೋಷ್ಠಿಯಲ್ಲಿ ಅಲ್ಲಮಪ್ರಭುಗಳ ಕಠಿನವಾದ ಪ್ರಶ್ನೆಗಳಿಗೆ ಉತ್ತರವಿತ್ತ ಆಕೆಯನ್ನು ಶರಣರೇ ಶ್ರೀಶೈಲಕ್ಕೆ ಬೀಳ್ಕೊಟ್ಟರೆಂದು 'ಶೂನ್ಯಸಂಪಾದನೆ' ಹೇಳುತ್ತದೆ. ಸ್ಥಾವರವನ್ನು ಒಲ್ಲದ ಶರಣರು ಆಕೆಯನ್ನು ತಡೆಯಲಿಲ್ಲವೇಕೆ? ಆಕೆಯ ಚೆನ್ನಮಲ್ಲಿಕಾರ್ಜುನನು ನಾಲ್ಕು ಗೋಡೆಗಳ ನಡುವಿನವನಲ್ಲವೆಂಬುದು ಅವರಿಗೆ ತಿಳಿದಿದ್ದಿತು. ಆಕೆ ಹೋಗಿ ಸೇರಿದುದು ಗುಡಿಯ ಮಂಟಪವನ್ನಲ್ಲ, ಕದಳಿಯ ವನವನ್ನು. ಅಲ್ಲಮಪ್ರಭುಗಳೂ ಕಡೆಗೆ ಕದಳಿಯಲ್ಲಿಯೇ ಬಯಲಾದರೆಂಬುದು ಸಂಪ್ರದಾಯ. ಇಂದಿಗೂ ಪಾತಾಳಗಂಗೆಯಿಂದ ದೋಣಿಯಲ್ಲಿ ಸಾಗಿ ಅಕ್ಕನ ಗುಹೆಯನ್ನು ಕಾಣಲು ಹೋಗುವ ಕನ್ನಡಿಗರುಂಟು. ಕತ್ತಲೆಯ ಇಕ್ಕಟ್ಟಿನಲ್ಲಿ ಬಾಗಿ ನಡೆದು ಒಳಗಿನ ಲಿಂಗವನ್ನು ಕಂಡಾಗ, ಇಲ್ಲಿಗೆ ಒಬ್ಬಂಟಿಯಾಗಿ ಬಂದ ಆ ತಾಯಿಯ ಧೈರ್ಯ ಎಂತಹುದೆಂಬುದು ತಿಳಿಯುತ್ತದೆ.

ಯಾತ್ರಿಕರ ವಿಷಯದಲ್ಲಿ ಇನ್ನೊಂದು ಸಾಕ್ಷ್ಯವನ್ನು ಹೇಳದಿರಲಾಗದು. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ 'ಪಂಡಿತಾರಾಧ್ಯ ಚರಿತ್ರ'ದ ಕೊನೆಯ ಭಾಗಕ್ಕೆ ಪರ್ವತ ಪ್ರಕರಣವೆಂದೇ ಹೆಸರು. ಶಿವರಾತ್ರಿಗೆ ಶ್ರೀಶೈಲಕ್ಕೆ ಬರುವ ಭಕ್ತರು, ಅವರ ಹಾಡು, ಕುಣಿತ, ಆಟಗಳು ಅದರಲ್ಲಿ ವಿಸ್ತಾರವಾಗಿ ವರ್ಣಿತವಾಗಿವೆ. ಅರಸರನ್ನು ಬಿಟ್ಟು ಹಾದಿಯ ಜನರನ್ನು ವರ್ಣಿಸಿದ ಆ ಕವಿಯ ಕಣ್ಣಿಗೆ ನಮಸ್ಕಾರವೆನ್ನಬೇಕು.

ಪರ್ವತವೇ ದೈವ

ಪರ್ವತವನ್ನೇ ದೈವವೆಂದು ಕಾಣುವುದು ನಮ್ಮಲ್ಲಿ ಮಾತ್ರ ಇರುವ ಭಾವನೆಯಲ್ಲ. ಶ್ರೀಶೈಲದ ಶಿಖರವನ್ನು ಕಂಡರೆ ಸಾಕು, ಪುನರ್ಜನ್ಮವಿಲ್ಲವೆಂಬ ನಂಬಿಕೆ ಇರುವಂತೆಯೇ, ಜಪಾನಿನ ಪ್ರಾಚೀನ ಶಿಂತೋ ಮತದಲ್ಲಿಯೂ ಬೆಟ್ಟ, ಮರ, ಜಲಪಾತಗಳನ್ನು ದೈವದ ನೆಲೆಗಳಾಗಿ ಪೂಜಿಸುತ್ತಾರೆ. ನಾರಾ ಪ್ರಾಂತದಲ್ಲಿ ಮಿವಾ ಎಂಬ ಬೆಟ್ಟವಿದೆ. ಎತ್ತರ 467 ಮೀಟರು. ಅದರ ಬುಡದ ಓಮಿವಾ ದೇವಾಲಯವು ಜಪಾನಿನ ಅತಿ ಪ್ರಾಚೀನ ಕ್ಷೇತ್ರಗಳಲ್ಲಿ ಒಂದೆಂದು ಪ್ರಸಿದ್ಧವಾಗಿದೆ. ಅಲ್ಲಿ ಪೂಜಾಮಂಟಪವುಂಟು, ಗರ್ಭಗುಡಿಯಿಲ್ಲ. ಬೆಟ್ಟವೇ ದೇವರ ಶರೀರವಾದುದರಿಂದ ಒಳಗೆ ಇರಿಸಲು ಬೇರೆ ಮೂರ್ತಿಯ ಆವಶ್ಯಕತೆ ಬೀಳಲಿಲ್ಲ. ಬೆಟ್ಟವನ್ನು ಏರಬಯಸುವವರು ಮೊದಲು ಹೆಸರನ್ನು ನೋಂದಾಯಿಸಿ, ಪಟ್ಟಿಯೊಂದನ್ನು ಕೊರಳಲ್ಲಿ ಧರಿಸಿ ಹೋಗಬೇಕು. ಮೇಲೆ ಏನನ್ನೂ ತಿನ್ನುವಂತಿಲ್ಲ, ಚಿತ್ರವನ್ನು ತೆಗೆಯುವಂತಿಲ್ಲ.

ಈ ಉದಾಹರಣೆಯನ್ನು ಎತ್ತಿಕೊಂಡುದಕ್ಕೆ ಕಾರಣವಿದೆ. ನಾವು ನಡೆಯುವ ನಲ್ಲಮಲ ಅಡವಿಯು 1983ರಿಂದ ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶವಾಗಿದೆ. ದೇಶದ ಅತಿ ವಿಸ್ತಾರವಾದ ಹುಲಿಯ ನೆಲೆಗಳಲ್ಲಿ ಅದೊಂದು. ಅದು ಹುಲಿಯ ಮನೆ, ಚೆಂಚುಗಳ ಮನೆ, ನಂಬುವವರಿಗೆ ಮಲ್ಲಯ್ಯನ ಶರೀರ. ಯಾತ್ರೆ ಮುಗಿದ ಬಳಿಕ ಆ ಕಾಲುದಾರಿಯ ಇಕ್ಕೆಲಗಳಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಶೀಸೆ, ಲೋಟ, ಚೀಲಗಳನ್ನು ಕಂಡರೆ ತಲೆ ತಗ್ಗುತ್ತದೆ. ಅವುಗಳಲ್ಲಿ ಕೆಲವು ನಮ್ಮ ದಾಸೋಹದ ಚಪ್ಪರಗಳಿಂದಲೇ ಹೋದವು. ಬೆಟ್ಟವನ್ನು ದೇವರೆಂದು ಕೂಗಿ ಅದರ ಮೈಮೇಲೆಯೇ ಎಂಜಲನ್ನು ಎಸೆಯುವುದಾದರೆ ಆ ಕೂಗಿಗೆ ಅರ್ಥವೇನು? ಮುತ್ತುಗದ ಎಲೆಯ ಪತ್ರಾವಳಿಯಲ್ಲಿ ಉಂಡು, ಕಂಚಿನ ಚೊಂಬನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆದ ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರಾಗಿದ್ದರು. ಒಬ್ಬೊಬ್ಬ ಯಾತ್ರಿಕನೂ ಒಂದು ಲೋಹದ ಚೊಂಬನ್ನು ಕೊಂಡೊಯ್ಯುವಂತೆಯೂ, ತಂದುದನ್ನು ಮರಳಿ ಹೊರುವಂತೆಯೂ ನಮ್ಮ ಮಂಡಳಿಗಳು ಕಟ್ಟುಮಾಡಬೇಕು. ಬೇಸಗೆಯ ಅಡವಿಯಲ್ಲಿ ಒಲೆಯ ಕಿಡಿಯನ್ನು ಆರಿಸದೆ ಮುಂದಕ್ಕೆ ಹೋಗಬಾರದು. ಇವು ಚಿಕ್ಕ ಮಾತುಗಳಾದರೂ ಪೂಜೆಯ ಅಂಗಗಳೇ.

ಹಿಂದಿರುಗಿ ಬರುವುದು

ಸಿದ್ಧರಾಮನ ಕಥೆ ರುದ್ರಕೊಳ್ಳದಲ್ಲಿಯೇ ಮುಗಿಯುವುದಿಲ್ಲ. ಮಲ್ಲಯ್ಯನು ಅವನನ್ನು ಬೆಟ್ಟದ ಮೇಲೆ ಉಳಿಸಿಕೊಳ್ಳದೆ ಸೊನ್ನಲಿಗೆಗೆ ಹಿಂದಿರುಗಿಸುತ್ತಾನೆ. ಬಂದವನು ಜನರನ್ನು ಕೂಡಿಸಿ ಕೆರೆಯನ್ನು ತೋಡಿಸಿದನು. ಬರಗಾಲದ ನಾಡಿಗೆ ನೀರನ್ನು ಕೊಟ್ಟ ಆ ಕೆರೆಯನ್ನು ಸೊಲ್ಲಾಪುರಕ್ಕೆ ಹೋದವರೆಲ್ಲರೂ ನೋಡಿರುತ್ತಾರೆ. ಆದರೆ ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಸಿದ್ಧರಾಮನನ್ನು ಹೊಗಳಲಿಲ್ಲ. ಕಲ್ಲು ಮಣ್ಣು ಹೊರಿಸುವ ಒಡ್ಡನೆಂದು ಕೆಣಕಿದರು. ಕೆರೆ ತೋಡಿಸಿದುದು ತಪ್ಪೆಂದಲ್ಲ, ತೋಡಿಸಿದವನು ನಾನೆಂಬ ಭಾವವೂ ಒಂದು ಸ್ಥಾವರವೆಂದು ತೋರಿಸುವುದಕ್ಕಾಗಿ. ಸಿದ್ಧರಾಮನು ಅದನ್ನು ಅರಿತು ಕಲ್ಯಾಣಕ್ಕೆ ನಡೆದನು. ಯಾತ್ರಿಕರಿಗೂ, ಉಪಾಧ್ಯಾಯರಿಗೂ, ದಾನಿಗಳಿಗೂ ಈ ಪ್ರಸಂಗದಲ್ಲಿ ಪಾಠವಿದೆ. ದಾನದ ಫಲಕವನ್ನು ಗೋಡೆಯಲ್ಲಿ ಕೂರಿಸುವುದಕ್ಕಿಂತ ಪ್ರಸಾದನಿಲಯದಲ್ಲಿ ಉಂಡು ಓದಿದ ಒಬ್ಬ ಬಡ ಹುಡುಗನು ಎದ್ದು ನಿಂತು ನಿರ್ಭಯವಾಗಿ ಪ್ರಶ್ನೆ ಕೇಳುವುದು ಹೆಚ್ಚಿನದು. ಅಂತಹ ಪ್ರಶ್ನೆಯೊಂದರಿಂದಲೇ ಈ ಲೇಖನ ಹುಟ್ಟಿತು.

ಯಾತ್ರೆಯಿಂದ ಬಂದ ಮೇಲೆ ನಾನು ಆ ವಿದ್ಯಾರ್ಥಿಯನ್ನು ಕರೆದು ಹೇಳಿದೆನು: "ನಿಮ್ಮ ತಂದೆ ನಡೆಯುವುದು ತಪ್ಪಲ್ಲ. ಶರಣರು ಬೇಡವೆಂದುದು ನಿಂತುಬಿಡುವುದನ್ನು, ನಡೆಯುವುದನ್ನಲ್ಲ. ಎದೆಯ ಮೇಲಿನ ಲಿಂಗವನ್ನು ಮರೆತು ಬೆಟ್ಟದಲ್ಲಿ ಹುಡುಕಿದರೆ ಅದು ವ್ಯರ್ಥ. ಎದೆಯ ಮೇಲಿನ ಲಿಂಗದೊಡನೆ ನಡೆದು, ಹಾದಿಯ ಪ್ರತಿಯೊಬ್ಬನಲ್ಲಿಯೂ ಅದನ್ನೇ ಕಂಡರೆ ಅದು ಸಾರ್ಥಕ." ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಬೆಟ್ಟ ಇಲ್ಲದಿದ್ದರೂ ನಡೆಯಬಹುದೇನು?" ಎಂದನು. ನಡೆಯಬಹುದು ಎಂದೆನು. ಆದರೆ ನಡೆಯುವವರಿಗೆ ಒಂದು ದಿಕ್ಕು ಬೇಕು, ಆ ದಿಕ್ಕಿನ ಹೆಸರು ನಮ್ಮ ಸೀಮೆಯಲ್ಲಿ ಶ್ರೀಶೈಲ ಎಂದೆನು.

ಈ ಉತ್ತರವು ಪರಿಪೂರ್ಣವೆಂದು ನಾನು ಹೇಳಲಾರೆನು. ತಿಳಿದವರು ತಿದ್ದಿಕೊಳ್ಳಬಹುದು. ಬರುವ ಹೋಳಿಹುಣ್ಣಿಮೆಯಂದು ಕಂಬಿಯು ನಿಮ್ಮ ಊರಿನ ಅಗಸೆಯನ್ನು ದಾಟುವಾಗ, ನಡೆಯಲಾರದವರು ಒಂದು ಚೊಂಬು ಮಜ್ಜಿಗೆಯನ್ನಾದರೂ ಹಿಡಿದು ದಾರಿಯಲ್ಲಿ ನಿಲ್ಲಿರಿ. ಹಸಿವೆಯೆಂದು ಬಂದ ಮಲ್ಲಯ್ಯನು ಈ ಸಲ ಕಾಯ್ದಿರಲಿ, ಕೊಡುವವರು ತಡಮಾಡದಿರಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.